ಹಿತ್ತಿಲ ಜಲಪಾತ

ಹಿತ್ತಿಲಲ್ಲಿ ಮೀನಿಗೋಸ್ಕರ ಗುಂಡಿ ತೋಡಿದವರ ವಂಶಾವಳಿಯನ್ನು ಹಿಡಿದು ಹಿಂದೆ ಹಿಂದೆ ಹೋದರೆ ಮೂಲಪುರುಷನ ಸ್ಥಾನದಲ್ಲಿ ದೊರೆಯುವವನು ಸಾಕ್ಷಾತ್ ಮನುವೇ. ಶತಪಥ ಬ್ರಾಹ್ಮಣದ ಕಥೆಯಂತೆ, ಪ್ರಾತಃಕಾಲ ಕೈ ತೊಳೆಯಲೆಂದು ತಂದ ನೀರಿನಲ್ಲಿ ಅವನ ಕೈಗೆ ಸಿಕ್ಕಿದ ಮರಿಮೀನು, ತನ್ನನ್ನು ಮೊದಲು ಕುಂಭದಲ್ಲಿರಿಸಬೇಕೆಂದೂ ಅದನ್ನು ಮೀರಿ ಬೆಳೆದಾಗ ಗುಂಡಿ ತೋಡಿ ಅದರೊಳಗೆ ಬಿಡಬೇಕೆಂದೂ ಅದಕ್ಕೂ ಮಿಗಿಲಾದಾಗ ಸಮುದ್ರಕ್ಕೆ ಒಯ್ಯಬೇಕೆಂದೂ ತನ್ನ ಪೋಷಣೆಯ ಕ್ರಮವನ್ನು ತಾನೇ ವಿಧಿಸಿತು. ಮುಂದೆ ಬಂದ ಪ್ರಳಯವನ್ನೂ ನೌಕೆಯನ್ನೂ ಮೀನಿನ ಕೊಂಬಿಗೆ ಬಿಗಿದ ಹಗ್ಗವನ್ನೂ ಎಲ್ಲರೂ ಬಲ್ಲರು. ನಡುವಣ ಆ ಗುಂಡಿಯನ್ನು ಕುರಿತು ಮಾತ್ರ ಯಾರೂ ಕುತೂಹಲ ತಾಳಿದಂತಿಲ್ಲ. ಅದರ ಉದ್ದಗಲಗಳೆಷ್ಟು, ನೀರು ಇಂಗದಂತೆ ಏನು ಮಾಡಿದನು, ಮನೆಯವರು ಏನೆಂದರು? ಮೈಸೂರಿನ ರಾಮಕೃಷ್ಣನಗರದ ನಮ್ಮ ಮನೆಯ ಹಿಂದೆ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಕೊಳವೊಂದನ್ನು ಕಟ್ಟಿಸಲು ಹೊರಟ ನನಗೆ ಬೇಕಾಗಿದ್ದುದೆಲ್ಲ ಋಷಿಗಳು ಬಿಟ್ಟ ಆ ವಿವರಗಳೇ.

ನಮ್ಮ ಬಡಾವಣೆಗೆ ನೀರಿನ ನೆರೆಹೊರೆ ಹೊಸತೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಸ್ಮರಣಾರ್ಥವಾಗಿ 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆ ಇಲ್ಲಿಂದ ನಡೆದು ಹೋಗುವಷ್ಟೇ ದೂರ. ಅರಸರು ಅಗಲಿದ ಮಡದಿಯ ಹೆಸರಿನಲ್ಲಿ ಕೆರೆಯನ್ನೇ ಕಟ್ಟಿಸಿದರು. ನನಗಾದರೋ ಇರುವ ಮಡದಿಯ ಒಪ್ಪಿಗೆ ಪಡೆದು ಗುಂಡಿ ತೋಡಿಸುವುದೇ ದುಸ್ತರವಾಯಿತು. "ಏನೂಂದ್ರೆ, ದುಡ್ಡು ಕೊಟ್ಟು ಸೊಳ್ಳೆಗೆ ಮನೆ ಕಟ್ಟಿಸ್ತೀರಾ?" ಎಂಬ ಅವಳ ಪ್ರಶ್ನೆ ನ್ಯಾಯವಾದದ್ದೇ. ಮಲೇರಿಯಾ ನಿಗ್ರಹಕ್ಕಾಗಿ ಆರೋಗ್ಯ ಇಲಾಖೆಯವರು ಬಾವಿ ತೊಟ್ಟಿಗಳಿಗೆ ಬಿಡುತ್ತ ಬಂದಿರುವ ಗಪ್ಪಿ ಮೀನುಗಳು ಸೊಳ್ಳೆಯ ಮರಿಗಳನ್ನು ನಿರ್ನಾಮ ಮಾಡುವುವೆಂದು ಅರಿಕೆ ಮಾಡಿಕೊಂಡ ಮೇಲೆಯೇ ಮಂಜೂರಾತಿ ದೊರೆತುದು. ಆ ಗಪ್ಪಿಗಳನ್ನು ಹೆಚ್ಚಾದುವೆಂದು ಕೆರೆಗೆ ಸುರಿದು ಬರುವವರ ಉದಾರಬುದ್ಧಿಯನ್ನು ಮಾತ್ರ ನಾನು ಒಪ್ಪಲಾರೆ. ದಕ್ಷಿಣ ಅಮೆರಿಕದಿಂದ ಬಂದ ಈ ಅತಿಥಿಗಳು ತೊಟ್ಟಿಯಲ್ಲಿ ಉಪಕಾರಿಗಳು, ಕೆರೆಯಲ್ಲಿ ನಮ್ಮ ನಾಡಮೀನುಗಳ ಅನ್ನಕ್ಕೆ ಪಾಲುದಾರರು.

ಗಾರೆ ಕೆಲಸದ ಮೇಸ್ತ್ರಿ ಈ ಇಡೀ ವ್ಯವಹಾರವನ್ನು ಒಂದು ವಿಚಿತ್ರ ಸಂಪೆಂದೇ ಭಾವಿಸಿದ್ದನು. "ಮುಚ್ಚಳ ಇಲ್ದಿರೋ ಸಂಪು ಯಾಕೆ ಸಾರ್?" ಎಂದು ಗೊಣಗಿದನಾದರೂ ಹೊಸ ಸಿಮೆಂಟಿನ ಗುಣವನ್ನು ಪುಸ್ತಕಗಳಿಗಿಂತ ಚೆನ್ನಾಗಿ ಬಲ್ಲವನು ಅವನೇ. ಹೊಸ ತೊಟ್ಟಿ ನೀರಿಗೆ ಸುಣ್ಣವನ್ನು ಬಿಟ್ಟುಕೊಡುತ್ತದೆ. ಆ ಕ್ಷಾರಕ್ಕೆ ಮೀನಿನ ಕಿವಿರು ಬೆಂದುಹೋಗುತ್ತದೆ. ಅದಕ್ಕೆ ಅವನು ಮಾಡಿದ ಚಿಕಿತ್ಸೆಯೆಂದರೆ, ಗೊನೆ ಕಡಿದ ಬಾಳೆಯ ದಿಂಡನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ ತುಂಬಿದ ನೀರಿನಲ್ಲಿ ಕೊಳೆಯಹಾಕುವುದು. ದಿನಗಳು ಕಳೆದಂತೆ ತುಂಡುಗಳು ಕಂದಿ, ನಾರು ಬಿಚ್ಚಿಕೊಂಡು, ನೀರು ಹಳೆಯ ಚಹದ ಬಣ್ಣಕ್ಕೆ ತಿರುಗಿ, ಅಕ್ಕಪಕ್ಕದವರು ಮೂಗು ಮುಚ್ಚಿಕೊಳ್ಳುವ ಹದಕ್ಕೆ ಬಂದಾಗ ಅದೆಲ್ಲವನ್ನೂ ಚೆಲ್ಲಿ, ತೆಂಗಿನ ನಾರಿನಿಂದ ಗೋಡೆಯನ್ನು ಉಜ್ಜಿ, ಮತ್ತೆ ನೀರು ತುಂಬಿ, ಮತ್ತೆ ಚೆಲ್ಲಿದನು. ಕೊಳೆಯುವ ದಿಂಡಿನಿಂದ ಹುಟ್ಟುವ ಆಮ್ಲಗಳು ಕ್ಷಾರವನ್ನು ಶಮನಗೊಳಿಸುತ್ತವೆಂದು ವಿಜ್ಞಾನವೂ ತಲೆಯಾಡಿಸುತ್ತದೆ.

ಜಲಪಾತವೇಕೆ ಬೇಕು, ಕೊಳವೊಂದೇ ಸಾಲದೇ ಎಂದು ಕೇಳಿದವರುಂಟು. ಮೈಸೂರಿನ ನಲ್ಲಿಗಳಲ್ಲಿ ಬರುವುದು ಕಾವೇರಿಯ, ಕಬಿನಿಯ ನೀರು. ಅವೆರಡೂ ತಿರುಮಕೂಡಲಿನಲ್ಲಿ ಒಂದಾಗಿ ಮುಂದೆ ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕತಕ್ಕವು. ಹಾಗೆ ಧುಮುಕುವ ಹಕ್ಕಿದ್ದ ನೀರಿನಲ್ಲಿ ಸುಮಾರು 5,000 ಲೀಟರನ್ನು ದಾರಿಯಲ್ಲಿಯೇ ತಡೆದು ನನ್ನ ಹಿತ್ತಿಲಲ್ಲಿ ಕೂಡಿಹಾಕಿದ ಮೇಲೆ, ಎರಡೂವರೆ ಅಡಿಯ ಪತನವನ್ನಾದರೂ ಅದಕ್ಕೆ ಕಲ್ಪಿಸಿಕೊಡದಿದ್ದರೆ ಅನ್ಯಾಯವಲ್ಲವೇ? ಇದರಲ್ಲಿ ಇನ್ನೂ ಒಂದು ಋಣಸಂದಾಯವಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರ ಆರಂಭವಾಗಿ, ಬೀಳುವ ನೀರಿನ ಬಲ ತಂತಿಯ ಮೇಲೆ 92 ಮೈಲಿ ಪಯಣಿಸಿ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಅಂದಿನ ಜಗತ್ತಿನಲ್ಲಿ ವಿದ್ಯುತ್ತನ್ನು ಅತಿ ದೂರ ಒಯ್ದ ತಂತಿಗಳಲ್ಲಿ ಅದೂ ಒಂದು. ಜಲಪಾತದಿಂದ ವಿದ್ಯುತ್ತನ್ನು ಪಡೆದ ನಾಡಿನಲ್ಲಿ, ವಿದ್ಯುತ್ತಿನಿಂದ ಜಲಪಾತವನ್ನು ಮಾಡಿ ಹಿಂದಿರುಗಿಸುವವನೊಬ್ಬನಾದರೂ ಇರಲಿ ಎಂದುಕೊಂಡು, ಅಂಗೈಯಗಲದ ಮೋಟಾರೊಂದನ್ನು ಕೊಳದ ತಳದಲ್ಲಿ ಮುಳುಗಿಸಿದೆನು.

ನೀರನ್ನು ಅಂದವಾಗಿ ಬೀಳಿಸುವುದು ಮಾತ್ರ ದೊಡ್ಡ ವಿದ್ಯೆ. ಜಹಾಂಗೀರನು ಕಾಶ್ಮೀರದಲ್ಲಿ ನಿರ್ಮಿಸಿದ ಶಾಲಿಮಾರ್ ತೋಟವನ್ನು ಮಾದರಿಯಾಗಿಟ್ಟುಕೊಂಡು, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಿಟ್ಟಾಗ, ತೋಟಗಾರಿಕೆಗೆ ಕ್ರುಂಬಿಗಲ್ ಅವರಂಥ ನಿಷ್ಣಾತರಿದ್ದರು. ಮೊಗಲರ ಶಿಲ್ಪಿಗಳು ಇಳಿಜಾರಿನ ಹಾಸುಗಲ್ಲಿನ ಮೇಲೆ ಹುರುಪೆಯಂತೆ ಕೆತ್ತಿ, ತೆಳ್ಳಗೆ ಹರಿಯುವ ನೀರು ಅಲ್ಲಿ ಎಡವಿ ಬೆಳ್ಳಗೆ ನೊರೆಯೇಳುವಂತೆ ಮಾಡುತ್ತಿದ್ದರು. ನಮ್ಮಲ್ಲಿ ಮೂರು ಚಪ್ಪಡಿಗಳನ್ನು ಮೆಟ್ಟಿಲಂತೆ ಜೋಡಿಸಿ ಮೋಟಾರನ್ನು ಚಾಲೂ ಮಾಡಿದರೆ ನೀರು ಧುಮುಕಲೇ ಇಲ್ಲ; ಚಪ್ಪಡಿಯ ಅಂಚನ್ನು ಬಳಸಿ, ಅಡಿಭಾಗಕ್ಕೆ ಅಂಟಿಕೊಂಡು, ಸಂಕೋಚಪಡುವ ನೆಂಟನಂತೆ ಹಿಂಬದಿಯ ಗೋಡೆಯಗುಂಟ ಸದ್ದಿಲ್ಲದೆ ಇಳಿದುಹೋಯಿತು. ಮೇಸ್ತ್ರಿ ಅದನ್ನು ಕ್ಷಣಕಾಲ ದಿಟ್ಟಿಸಿ, ಕಲ್ಲಿನ ಅಂಚು ನಾಲ್ಕು ಬೆರಳು ಮುಂದೆ ಚಾಚುವಂತೆ ಸರಿಸಿ, ಮನೆಯ ಸಜ್ಜದ ಅಡಿಯಲ್ಲಿ ಮಳೆನೀರು ಗೋಡೆಗೆ ಹಿಂದಿರುಗದಿರಲೆಂದು ಕೊರೆಯುವಂಥ ಗೆರೆಯನ್ನೇ ಚಪ್ಪಡಿಯ ತಳದಲ್ಲಿ ಉಳಿಯಿಂದ ಕೊರೆದನು. ನೀರು ಆ ಗೆರೆಯನ್ನು ದಾಟಲಾರದೆ ಕೈಬಿಟ್ಟು ಬಿದ್ದಿತು, ಸದ್ದೂ ಹುಟ್ಟಿತು.

ಆ ಸದ್ದು ನಮಗೆ. ಮೀನಿಗೆ ಅದು ಉಸಿರು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಧರಿಸಬಲ್ಲುದಾದರೆ, 30 ಡಿಗ್ರಿಗೆ ಕಾದಾಗ ಅದು ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ. ಹಗಲು ಆಮ್ಲಜನಕವನ್ನು ಬಿಡುವ ಪಾಚಿ ಮತ್ತು ಜಲಸಸ್ಯಗಳು ರಾತ್ರಿಯೆಲ್ಲ ಅದನ್ನೇ ಹೀರುವುದರಿಂದ ಬೆಳಗಿನ ಜಾವಕ್ಕೆ ಕೊಳ ಅತ್ಯಂತ ಬಡವಾಗಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುವುದು ಆಗಲೇ. ಸಂಜೆ ಅತಿಥಿಗಳು ಬಂದಾಗ ಜಲಪಾತವನ್ನು ಹರಿಯಬಿಟ್ಟು, ಅವರನ್ನು ಬೀಳ್ಕೊಟ್ಟು, ವಿದ್ಯುತ್ ಬಿಲ್ಲನ್ನು ನೆನೆದು ಮೋಟಾರನ್ನು ಆರಿಸಿ ಮಲಗುವ ಗೃಹಸ್ಥರು ಈ ಲೆಕ್ಕವನ್ನು ತಲೆಕೆಳಗು ಮಾಡಿಕೊಂಡವರು. ಜಲಪಾತ ಬೀಳಬೇಕಾದುದು ನೋಡುವವರಿಲ್ಲದ ಹೊತ್ತಿನಲ್ಲಿ.

ಮೀನುಗಳ ಆಯ್ಕೆಯಲ್ಲಿ ಮನುವಿನ ಮೀನಿನ ಮಾತು ನೆನಪಿನಲ್ಲಿತ್ತು. ಜಪಾನಿನ ನಿಗಾಟ ಪ್ರಾಂತದ ಭತ್ತದ ರೈತರು ಬಣ್ಣಕ್ಕಾಗಿ ಸಾಕಿ ರೂಢಿಸಿದ ಕೋಯಿ ಮೀನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬೆರಳುದ್ದವಿದ್ದು ಮನಸ್ಸನ್ನು ಸೆಳೆಯುತ್ತದೆ. ಬೆಳೆದರೆ ಎರಡು ಅಡಿ, ಗುಂಡಿಯನ್ನು ಮೀರಿದಾಗ ಒಯ್ಯಲು ಮೈಸೂರಿಗೆ ಸಮುದ್ರವಿಲ್ಲ. ಆದುದರಿಂದ ಚೀನಾದವರು ಸುಂಗ್ ವಂಶದ ಕಾಲದಿಂದ ಕೊಳದಲ್ಲಿ ಸಾಕುತ್ತ ಬಂದ ಗೋಲ್ಡ್‌ಫಿಶ್‌ಗಳೇ ಲೇಸೆನಿಸಿದುವು. ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಪರಿವರ್ತಿಸುವ ಸೂಕ್ಷ್ಮಜೀವಿಗಳು ಜಲ್ಲಿಯಲ್ಲಿ ಸಂಸಾರ ಹೂಡಲು ನಾಲ್ಕಾರು ವಾರ ಬೇಕು. ಅಲ್ಲಿಯವರೆಗೆ ನಾಲ್ಕೇ ಮೀನುಗಳನ್ನು ಅರೆಹೊಟ್ಟೆಯಲ್ಲಿ ಇಟ್ಟುದಾಯಿತು.

ಸುದ್ದಿ ಲಿಂಗಾಂಬುಧಿಗೂ ಮುಟ್ಟಿದೆ. ಮಿಂಚುಳ್ಳಿಯೊಂದು ಬಟ್ಟೆ ಒಣಗುವ ತಂತಿಯ ಮೇಲೆ ಕುಳಿತು ಗಪ್ಪಿಗಳ ಗಣತಿ ಮಾಡುತ್ತದೆ. ಅವುಗಳ ಸಂತಾನವೃದ್ಧಿಯ ವೇಗವನ್ನು ನೋಡಿದರೆ ಅದು ತಿಂದುದಕ್ಕೆ ಲೆಕ್ಕವಿಡಬೇಕಾಗಿಲ್ಲ. ಬಕಪಕ್ಷಿಯ ಭಯಕ್ಕೆ ದಪ್ಪ ಪೈಪಿನ ತುಂಡುಗಳನ್ನು ತಳದಲ್ಲಿ ಇರಿಸಿರುವೆನು. ಹಕ್ಕಿಯ ನೆರಳು ಬಿದ್ದೊಡನೆ ಗೋಲ್ಡ್‌ಫಿಶ್‌ಗಳು ಅವುಗಳೊಳಗೆ ನುಗ್ಗುತ್ತವೆ. ಸೊಳ್ಳೆಯ ಆಕ್ಷೇಪವನ್ನು ಎತ್ತಿದ ನನ್ನಾಕೆಯಾದರೋ ಈಗ ಬೇರೆಯೇ ವಾದ ಹೂಡಿದ್ದಾಳೆ. ಕೊಳದಿಂದ ತೆಗೆದ ನೀರಿನಲ್ಲಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರವೆಂದು ನಾನೇ ಒಮ್ಮೆ ಬಾಯಿಬಿಟ್ಟಿದ್ದೆ. ಅಂದಿನಿಂದ ನೀರು ಬದಲಾಯಿಸುವ ದಿನವನ್ನು ಗೊತ್ತುಮಾಡುವವಳು ಅವಳು. ನೀರು ಇನ್ನೂ ತಿಳಿಯಾಗಿಯೇ ಇದೆ, ಈ ವಾರ ಬೇಡವೆಂದರೆ ಕೇಳಳು. ಮಲ್ಲಿಗೆಗೆ ಎರಡು ಬಿಂದಿಗೆ, ಕರಿಬೇವಿಗೆ ಒಂದು ಎಂದು ಮುಂಗಡವಾಗಿಯೇ ಹಂಚಿಟ್ಟಿರುತ್ತಾಳೆ.