ಕೊಡಗಿನ ಮುಗಿಲು ಮತ್ತು ಮನೆಯಲ್ಲಿ ಕಟ್ಟಿದ ರೆಕ್ಕೆ

ಕೊಡಗು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಕಾವೇರಿಯ ಉಗಮಸ್ಥಾನವಾದ ತಲಕಾವೇರಿ, ಕಾಫಿ ತೋಟಗಳು, ಏಲಕ್ಕಿಯ ಕಂಪು, ಜೇನಿನ ಸವಿ ಹಾಗೂ ದೇಶದ ಸೇನೆಗೆ ವೀರರನ್ನಿತ್ತ ನಾಡೆಂಬ ಅಭಿಮಾನ. ನಮ್ಮ ಸಮಾಜದ ಬಂಧುಗಳಿಗಂತೂ ಈ ನಾಡಿನೊಡನೆ ಇನ್ನೂ ಹತ್ತಿರದ ನಂಟಿದೆ. ಇಕ್ಕೇರಿಯ ಅರಸು ಮನೆತನದ ಕವಲಾಗಿ ಬಂದು, ಜಂಗಮ ವೇಷದಲ್ಲಿ ಹಾಲೇರಿಯಲ್ಲಿ ನೆಲೆನಿಂತು ರಾಜ್ಯ ಕಟ್ಟಿದರೆಂದು ಹೇಳಲಾಗುವ ಹಾಲೇರಿ ಅರಸರು ಲಿಂಗವಂತರು. ಅವರ ಆಳ್ವಿಕೆ 1834ರವರೆಗೆ ನಡೆಯಿತು. ಕೊಡ್ಲಿಪೇಟೆಯ ಕಿರಿಕೊಡ್ಲಿ ಮಠ, ವಿರಾಜಪೇಟೆಯ ಬಳಿಯ ಅರಮೇರಿ ಕಳಂಚೇರಿ ಮಠಗಳಿಗೆ ಇಂದಿಗೂ ಭಕ್ತರು ಶ್ರದ್ಧೆಯಿಂದ ಹೋಗಿಬರುತ್ತಾರೆ.

ಇಂತಹ ನಾಡಿಗೆ ನಾವು ಕೆಲವು ಕುಟುಂಬಗಳವರು ಒಟ್ಟಾಗಿ ಪ್ರವಾಸ ಹೊರಟೆವು. ಗುಡಿ, ಕೋಟೆ, ಜಲಪಾತಗಳ ಬಗ್ಗೆ ಬರೆದ ಲೇಖನಗಳು ಬಹಳಷ್ಟಿವೆ. ಆದ್ದರಿಂದ ಈ ಪ್ರವಾಸದಲ್ಲಿ ನಮ್ಮ ನಡುವೆ ನಡೆದ ಒಂದು ವಿಶೇಷ ಚರ್ಚೆಯನ್ನು ಓದುಗರ ಮುಂದಿಡಲು ಬಯಸುತ್ತೇವೆ. ಅದು ಮನೆಯಲ್ಲಿಯೇ ಪುಟ್ಟ ವಿಮಾನವನ್ನು ಕಟ್ಟುವ ಹವ್ಯಾಸದ ವಿಚಾರ.

ಮಡಿಕೇರಿಯಲ್ಲಿ

ಮಡಿಕೇರಿಯನ್ನು ರಾಜಧಾನಿಯಾಗಿ ಮಾಡಿದವನು ಮುದ್ದುರಾಜ, 1681ರಲ್ಲಿ. ಕೋಟೆಯ ಒಳಗಿನ ಎರಡು ಕಲ್ಲಾನೆಗಳನ್ನು ಕಂಡು ಮಕ್ಕಳು ಹಿಗ್ಗಿದರು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೂ, ಅರಸರ ಸಮಾಧಿಗಳಿರುವ ಗದ್ದಿಗೆಗೂ ಹೋಗಿ ನಮಸ್ಕರಿಸಿದೆವು. ಗುಮ್ಮಟ, ಮಿನಾರುಗಳ ಆ ಕಟ್ಟಡದೊಳಗೆ ಲಿಂಗವಂತ ಅರಸರು ಚಿರನಿದ್ರೆಯಲ್ಲಿದ್ದಾರೆ. ಕಟ್ಟುವ ಕೈಗೆ ಶೈಲಿಯ ಭೇದವಿಲ್ಲವೆಂಬುದಕ್ಕೆ ಅದೊಂದು ಸಾಕ್ಷಿ.

ಅದೇ ಊರಿನಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರಿನ ವೃತ್ತವಿದೆ. ಕೊಡಗಿಗೂ ಆಕಾಶಕ್ಕೂ ಇರುವ ನಂಟನ್ನು ಹೇಳುವಾಗ ಈ ಹೆಸರನ್ನು ಬಿಡುವಂತಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಮ್ಮ ಮಿಸ್ಟೇರ್ ವಿಮಾನಗಳು ದಾಳಿಗೆ ಹೊರಟಾಗ ದೇವಯ್ಯನವರು ಕಾದಿರಿಸಿದ ಚಾಲಕರಾಗಿದ್ದರು. ಒಂದು ವಿಮಾನ ಹಿಂದುಳಿಯಲು ಅವರು ಮುಂದೆ ಹೋದರು. ಶಬ್ದಕ್ಕಿಂತ ವೇಗವಾಗಿ ಹಾರುವ ಸ್ಟಾರ್‌ಫೈಟರ್ ವಿಮಾನವೊಂದು ಎದುರಾಯಿತು. ತಮ್ಮ ವಿಮಾನಕ್ಕೆ ಏಟು ಬಿದ್ದಿದ್ದರೂ ಅವರು ಹಿಂಜರಿಯದೆ ಆ ಶತ್ರು ವಿಮಾನವನ್ನು ಹೊಡೆದುರುಳಿಸಿದರು. ತಾವು ಮರಳಿ ಬರಲಿಲ್ಲ. ಅವರು ಅಂದು ಏನು ಮಾಡಿದರೆಂಬುದು ದೇಶಕ್ಕೆ ತಿಳಿಯಲು ಹಲವು ವರ್ಷಗಳು ಬೇಕಾದವು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಈ ಕಥೆಯನ್ನು ಕೇಳಿದ ಮೇಲೆ ನಮ್ಮೊಡನಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ, "ಅಜ್ಜಾ, ನಮ್ಮ ಹಿತ್ತಲಿನಲ್ಲಿಯೇ ಒಂದು ಸಣ್ಣ ವಿಮಾನ ಕಟ್ಟಬಹುದಲ್ಲವೇ?" ಎಂದು ಕೇಳಿದ. ಗುಂಪಿನ ಹಿರಿಯರು ನಕ್ಕರು. ಅವನ ತಾಯಿ ಮಾತ್ರ ನಗಲಿಲ್ಲ. "ಇವನು ತಿಂಗಳುಗಟ್ಟಲೆಯಿಂದ ಇದೇ ಧ್ಯಾನದಲ್ಲಿದ್ದಾನೆ. ಬೇಡವೆಂದರೆ ಮನಸ್ಸು ಮುರಿಯುತ್ತದೆ, ಆಗಲಿ ಎಂದರೆ ನಮಗೆ ನಿದ್ದೆ ಬರುವುದಿಲ್ಲ. ನೀವೇ ಹೇಳಿ" ಎಂದರು. ಆ ತಾಯಿಯ ಪ್ರಶ್ನೆ ನ್ಯಾಯವಾದುದು. ಮುಂದಿನ ಎರಡು ದಿನ ನಮ್ಮ ಮಾತೆಲ್ಲ ಅದರ ಸುತ್ತಲೇ ನಡೆಯಿತು.

ದಕ್ಷಿಣ ಕೊಡಗಿನ ಬಯಲು

ಮಡಿಕೇರಿಯಿಂದ ವಿರಾಜಪೇಟೆ, ಗೋಣಿಕೊಪ್ಪಲು ದಾಟಿ ಪೊನ್ನಂಪೇಟೆಗೆ ಬಂದೆವು. ಇಲ್ಲಿಯ ರಾಮಕೃಷ್ಣ ಶಾರದಾಶ್ರಮವೂ ಅರಣ್ಯ ಕಾಲೇಜೂ ಹೆಸರಾದವು. ಕೊಡಗಿನ ಉಳಿದ ಭಾಗಗಳಿಗಿಂತ ಇಲ್ಲಿ ಗದ್ದೆಯ ಬಯಲು ವಿಶಾಲ. ಈ ಸೀಮೆಯಲ್ಲಿ ಮೈಕ್ರೋಲೈಟ್ ಎಂಬ ಇಬ್ಬರು ಕೂರುವ ಹಗುರ ವಿಮಾನದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹಾರಿದ್ದುಂಟು. ಇಡೀ ಜಿಲ್ಲೆಯಲ್ಲಿ ರೈಲು ಹಳಿಯಿಲ್ಲ; ದೊಡ್ಡ ವಿಮಾನಕ್ಕಾಗಿ ಮೈಸೂರಿಗೋ ಮಂಗಳೂರಿಗೋ 2018ರಲ್ಲಿ ಆರಂಭವಾದ ಕಣ್ಣೂರಿಗೋ ಹೋಗಬೇಕು. ಹೀಗಿದ್ದೂ ಕಾಫಿ ತೋಟಗಳ ಮೇಲೆ ಈ ಬಟ್ಟೆಯ ರೆಕ್ಕೆಯ ಹಕ್ಕಿ ಹಾರಿತೆಂಬುದು ಸೋಜಿಗದ ಸಂಗತಿ.

ಹಾರಾಟಕ್ಕೆ ಈ ನಾಡು ಸುಂದರವಾದರೂ ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಮಳೆ, ದಟ್ಟ ಮಂಜು. ಬೇಸಗೆಯ ಮಧ್ಯಾಹ್ನ ಬೆಟ್ಟದ ಮಗ್ಗುಲಿನಿಂದ ಏಳುವ ಬಿಸಿಗಾಳಿ ಹಗುರ ವಿಮಾನವನ್ನು ತೊಟ್ಟಿಲಿನಂತೆ ಅಲ್ಲಾಡಿಸುತ್ತದೆ. ಎತ್ತರದ ನೆಲದಲ್ಲಿ ಗಾಳಿ ತೆಳುವಾಗಿರುತ್ತದೆ. 1000 ಮೀಟರ್ ಎತ್ತರದಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಗಾಳಿ ತೆಳುವಾದಷ್ಟೂ ನೆಲ ಬಿಡಲು ಹೆಚ್ಚು ಓಟ ಬೇಕು, ಎಂಜಿನ್ನಿನ ಕಸುವೂ ಕುಗ್ಗುತ್ತದೆ. ಎಂಜಿನ್ ನಿಂತರೆ ಇಳಿಯಲು ಬಯಲು ಬೇಕು. ಕಾಫಿಯ ನೆರಳಿಗೆಂದು ಬೆಳೆಸಿದ ಸಿಲ್ವರ್ ಓಕ್ ಮರಗಳ ನಡುವೆ ಬಯಲೆಲ್ಲಿ? ಆದ್ದರಿಂದ ಇಂತಹ ಊರಿನಲ್ಲಿ ಮುಂಜಾನೆಯ ನಿಶ್ಚಲ ಗಾಳಿಯಲ್ಲಿ, ಇಳಿಯಬಲ್ಲ ಬಯಲುಗಳನ್ನು ಗುರುತಿಟ್ಟುಕೊಂಡು ಹಾರುವುದೇ ವಿವೇಕ.

ಮನೆಯಲ್ಲಿ ವಿಮಾನ ಕಟ್ಟುವ ಬಗೆ

ಮನೆಯಲ್ಲಿ ವಿಮಾನ ಕಟ್ಟುವುದು ಹೊಸ ಮಾತಲ್ಲ. ಫ್ರಾನ್ಸಿನ ಹೆನ್ರಿ ಮಿನ್ಯೆ 1930ರ ದಶಕದಲ್ಲಿ ಸಾಮಾನ್ಯ ಜನರೂ ಕಟ್ಟಬಹುದಾದ ಮರ ಮತ್ತು ಬಟ್ಟೆಯ ಪುಟ್ಟ ವಿಮಾನವೊಂದರ ವಿವರಗಳನ್ನು ಪ್ರಕಟಿಸಿದ. ಜನ ಮುಗಿಬಿದ್ದು ಕಟ್ಟಿದರು. ಆದರೆ ಪ್ರಾಣಹಾನಿಗಳಾದವು. ಫ್ರಾನ್ಸ್ ಮತ್ತು ಇಂಗ್ಲೆಂಡುಗಳ ಗಾಳಿಸುರಂಗಗಳಲ್ಲಿ ಪರೀಕ್ಷಿಸಿದಾಗ, ಆ ವಿಮಾನದ ಮೂತಿ ಒಮ್ಮೆ ಕಡಿದಾಗಿ ಕೆಳಮುಖವಾದರೆ ಮತ್ತೆ ಮೇಲೆತ್ತಲು ಬಾರದೆಂಬುದು ತಿಳಿದುಬಂದಿತು. ಕಟ್ಟಿದವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ಪರೀಕ್ಷೆಯಲ್ಲಿತ್ತು.

ಅಮೆರಿಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬುವರು ಇಂತಹ ಹವ್ಯಾಸಿಗಳ ಸಂಘವೊಂದನ್ನು ಕಟ್ಟಿದರು. ಅಲ್ಲಿ ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಯೇ ಕಲಿಕೆಗಾಗಿಯೂ ಸಂತೋಷಕ್ಕಾಗಿಯೂ ಮಾಡಿದ್ದರೆ ಅದನ್ನು ಮನೆಯಲ್ಲಿ ಕಟ್ಟಿದ ವಿಮಾನವೆಂದು ಕಾನೂನು ಒಪ್ಪುತ್ತದೆ. ಬರ್ಟ್ ರುಟಾನ್ ಎಂಬ ವಿನ್ಯಾಸಕಾರರು ಹಗುರ ಫೋಮನ್ನು ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ಅಂಟುದ್ರಾವಣದಿಂದ ಹೊದಿಸುವ ಸುಲಭ ವಿಧಾನವನ್ನು ಹವ್ಯಾಸಿಗಳಿಗೆ ಕಲಿಸಿದರು. ಅವರ ಲಾಂಗ್ ಈಜಿ ಎಂಬ ಮನೆಕಟ್ಟಿನ ವಿಮಾನದ ಆಧಾರದ ಮೇಲೆಯೇ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಒಂದು ಪ್ರಯೋಗ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಆ ಸಂಸ್ಥೆಯ ಇಬ್ಬರು ಕೂರುವ 'ಹಂಸ' ವಿಮಾನ 1993ರಲ್ಲಿ ಮೊದಲು ಹಾರಿತು. ಹವ್ಯಾಸಿಗಳ ಹಿತ್ತಲಿನಲ್ಲಿ ಬೆಳೆದ ವಿದ್ಯೆ ದೊಡ್ಡ ಪ್ರಯೋಗಾಲಯಕ್ಕೂ ಉಪಯೋಗವಾಯಿತೆಂಬುದನ್ನು ಗಮನಿಸಬೇಕು.

ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಎಂಬ ಸಂಸ್ಥೆಯನ್ನು ಫ್ರಾನ್ಸಿನ ಜೋಯೆಲ್ ಕೋಕ್ಲಿನ್ ಅವರು 1980ರ ಸುಮಾರಿಗೆ ಸ್ಥಾಪಿಸಿದರು. ಅಲ್ಲಿ ತಯಾರಾದ ಎಕ್ಸ್-ಏರ್ ಎಂಬ ಹಗುರ ವಿಮಾನ ಬಿಡಿಭಾಗಗಳ ರೂಪದಲ್ಲಿ ಪೆಟ್ಟಿಗೆಗಳಲ್ಲಿ ಇಂಗ್ಲೆಂಡ್, ಫ್ರಾನ್ಸ್ ಮುಂತಾದ ದೇಶಗಳಿಗೆ ಹೋಯಿತು. ಅಲ್ಲಿಯ ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜುಗಳಲ್ಲಿ ಅದನ್ನು ಜೋಡಿಸಿ ಹಾರಿಸಿದರು. ಅದರ ಒಂದು ಮಾದರಿಗೆ 'ಹನುಮಾನ್' ಎಂದೇ ಹೆಸರು. ಕನ್ನಡ ನೆಲದಲ್ಲಿ ತಯಾರಾದ ರೆಕ್ಕೆ ಪರದೇಶದ ಅಂಗಳಗಳಲ್ಲಿ ಬಿಚ್ಚಿಕೊಂಡಿತೆಂದರೆ ನಮಗೆ ಹೆಮ್ಮೆಯಲ್ಲವೇ?

ಈ ಬಗೆಯ ವಿಮಾನದ ರಚನೆ ಸರಳ. ಅಲ್ಯೂಮಿನಿಯಂ ನಳಿಗೆಗಳನ್ನು ಬೋಲ್ಟುಗಳಿಂದ ಬಿಗಿದು ಚೌಕಟ್ಟು ಮಾಡುತ್ತಾರೆ. ಹಡಗಿನ ಪಟಕ್ಕೆ ಬಳಸುವಂತಹ ಗಟ್ಟಿ ಡಾಕ್ರಾನ್ ಬಟ್ಟೆಯನ್ನು ರೆಕ್ಕೆಗೆ ತೊಡಿಸಿ ಬಿಗಿಯುತ್ತಾರೆ. ಸಣ್ಣ ಎಂಜಿನ್ ಮತ್ತು ಪ್ರೊಪೆಲ್ಲರ್ ಕೂರಿಸುತ್ತಾರೆ. ಹೇಳಲು ಇಷ್ಟೇ. ಆದರೆ ಒಂದೊಂದು ಬೋಲ್ಟಿಗೂ ಬಿಗಿಯ ಅಳತೆಯುಂಟು. ನಟ್ಟು ತಾನಾಗಿ ಸಡಿಲವಾಗದಂತೆ ತಡೆಯುಂಟು. ತೂಕ ಎಲ್ಲಿ ಕೇಂದ್ರೀಕರಿಸುತ್ತದೆಂಬುದನ್ನು ತಕ್ಕಡಿಯಲ್ಲಿಟ್ಟು ಲೆಕ್ಕ ಹಾಕಬೇಕು. ಅದು ಮಿತಿಮೀರಿ ಹಿಂದಕ್ಕೆ ಸರಿದರೆ ವಿಮಾನ ಚಾಲಕನ ಮಾತು ಕೇಳುವುದಿಲ್ಲ. ಬಿಸಿಲಿಗೆ ಬಟ್ಟೆ ಜೀರ್ಣವಾಗುತ್ತದೆ, ಆದ್ದರಿಂದ ಕಾಲಕಾಲಕ್ಕೆ ಅದರ ಗಟ್ಟಿತನವನ್ನು ಪರೀಕ್ಷಿಸಬೇಕು.

ನಮ್ಮ ನಾಡಿನವರ ಸಾಹಸ

ಕೊಡಗಿನ ಪಕ್ಕದ ಕೇರಳದಲ್ಲಿ, ಇಡುಕ್ಕಿ ಜಿಲ್ಲೆಯ ಸಜಿ ಥಾಮಸ್ ಹುಟ್ಟಿನಿಂದಲೇ ಕಿವಿ ಕೇಳದ, ಮಾತು ಬಾರದ ವ್ಯಕ್ತಿ. ಹೆಚ್ಚು ಓದದಿದ್ದರೂ ವರ್ಷಗಟ್ಟಲೆ ಶ್ರಮಿಸಿ ಇಬ್ಬರು ಕೂರುವ ಹಗುರ ವಿಮಾನವನ್ನು ಕಟ್ಟಿದರು. ವಾಯುಪಡೆಯ ನಿವೃತ್ತ ಅಧಿಕಾರಿಯೊಬ್ಬರು ಅದನ್ನು ಹಾರಿಸಿ ನೋಡಿದರು. ಕೇರಳದವರೇ ಆದ ಅಶೋಕ್ ತಾಮರಾಕ್ಷನ್ ಅವರು ಇಂಗ್ಲೆಂಡಿನ ತಮ್ಮ ಮನೆಯ ಹಿತ್ತಲಿನಲ್ಲಿ ನಾಲ್ವರು ಕೂರುವ ವಿಮಾನವನ್ನು ಬಿಡಿಭಾಗಗಳಿಂದ ಜೋಡಿಸಿ, 2022ರಲ್ಲಿ ಹೆಂಡತಿ ಮಕ್ಕಳೊಡನೆ ಯೂರೋಪಿನ ದೇಶಗಳಿಗೆ ಹಾರಿದರು. ಮುಂಬಯಿಯ ಚಾಲಕ ಅಮೋಲ್ ಯಾದವ್ ಅವರು ತಮ್ಮ ಮನೆಯ ತಾರಸಿಯ ಮೇಲೆಯೇ ಆರು ಮಂದಿ ಕೂರುವ ವಿಮಾನವನ್ನು ಕಟ್ಟಿದರು. ಅದು 2016ರಲ್ಲಿ ಪ್ರದರ್ಶನಗೊಂಡಿತು, 2017ರಲ್ಲಿ ನೋಂದಣಿಯಾಯಿತು, ಹಾರಲು ಅನುಮತಿ ದೊರೆತದ್ದು 2019ರಲ್ಲಿ.

ಈ ಕೊನೆಯ ಮಾತು ಮುಖ್ಯ. ನಮ್ಮ ದೇಶದಲ್ಲಿ ಕಟ್ಟುವುದಕ್ಕಿಂತ ಹಾರುವ ಅನುಮತಿ ಪಡೆಯುವುದೇ ದೀರ್ಘ ದಾರಿ. ನಾಗರಿಕ ವಿಮಾನಯಾನ ನಿರ್ದೇಶನಾಲಯದಲ್ಲಿ ನೋಂದಣಿಯಾಗಿ 'ವಿಟಿ' ಎಂದು ಮೊದಲಾಗುವ ಗುರುತಿನ ಅಕ್ಷರಗಳು ದೊರೆಯಬೇಕು, ಹಾರಾಟದ ಅನುಮತಿ ಬೇಕು, ಹಾರಿಸುವವರಿಗೆ ಪರವಾನಗಿ ಬೇಕು. ಗಡಿ, ರಕ್ಷಣೆ, ಅರಣ್ಯ ಮುಂತಾದ ಕಾರಣಗಳಿಂದ ನಿಷೇಧಿತವಾದ ಪ್ರದೇಶಗಳನ್ನೂ ತಿಳಿದಿರಬೇಕು. ಇದು ಕಿರುಕುಳವೆಂದು ಯುವಕರಿಗೆ ತೋರಬಹುದು. ಆದರೆ ವಿಮಾನ ಬೀಳುವುದು ಚಾಲಕನ ಮೇಲೆ ಮಾತ್ರವಲ್ಲ. ಕೆಳಗೆ ಗದ್ದೆಯಲ್ಲಿ ನಾಟಿ ಮಾಡುತ್ತಿರುವವರ ಮೇಲೂ ಬೀಳಬಹುದು. ಅವರ ಜೀವಕ್ಕೂ ಹೊಣೆ ಹೊರಬೇಕಲ್ಲವೇ?

ಹಿರಿಯರ ಅಭಿಪ್ರಾಯ

ಕೊಡಗಿನಲ್ಲಿ ಕೈಲ್ ಪೊಳ್ದ್ ಎಂಬ ಹಬ್ಬವಿದೆ. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ, ಕೋವಿ ಕತ್ತಿಗಳನ್ನು ತೊಳೆದು ಹೂವಿಟ್ಟು ಪೂಜಿಸುತ್ತಾರೆ. ದುಡಿಯುವ ಮತ್ತು ಕಾಯುವ ಸಲಕರಣೆಗೆ ಸಲ್ಲಿಸುವ ಈ ಗೌರವ ನಮಗೆ ಬಹಳ ಹಿಡಿಸಿತು. ಕಾಯಕವನ್ನು ಬಾಳಿನ ಉಸಿರೆಂದು ಬಗೆದ ಪರಂಪರೆಯವರಾದ ನಮಗೆ ಅದು ಹೊಸದೇನಲ್ಲ. ಸುತ್ತಿಗೆ ಹಿಡಿದ ಕೈ, ಮಗ್ಗದ ಮುಂದೆ ಕುಳಿತ ಕೈ ಯಾವುದೂ ಕೀಳಲ್ಲವೆಂದು ನಮ್ಮ ಶರಣರು ಬಾಳಿ ತೋರಿಸಿದ್ದಾರೆ. ಇಂದಿನ ಮಕ್ಕಳು ಗುಂಡಿ ಒತ್ತಿ ಎಲ್ಲವನ್ನೂ ಪಡೆಯುವ ಕಾಲದಲ್ಲಿ, ತನ್ನ ಕೈಯಿಂದಲೇ ಒಂದನ್ನು ಕಟ್ಟಬೇಕೆಂಬ ಹಂಬಲ ಒಬ್ಬ ಹುಡುಗನಿಗೆ ಬಂದರೆ ಅದನ್ನು ನಗೆಯಲ್ಲಿ ಹಾರಿಸಿಬಿಡಬಾರದು.

ಹಾಗೆಂದು ಮಕ್ಕಳನ್ನು ಗಾಳಿಗೆ ಬಿಡಲೂ ಆಗದು. ನಮ್ಮ ಗುಂಪಿನ ಹಿರಿಯರು ಯೋಚಿಸಿ ಆ ತಾಯಿಗೆ ಕೊಟ್ಟ ಸಲಹೆ ಇದು: ಮೊದಲು ಹುಡುಗ ಬಾಲ್ಸಾ ಮರದ ಮಾದರಿ ವಿಮಾನಗಳನ್ನು ಕಟ್ಟಲಿ. ಅವು ಏಕೆ ಬೀಳುತ್ತವೆಂಬುದನ್ನು ಬರೆದಿಡಲಿ. ಆಮೇಲೆ ಬಲ್ಲವರ ಕೈಕೆಳಗೆ ಕಾರ್ಯಾಗಾರದಲ್ಲಿ ದುಡಿಯಲಿ. ಹಾರುವುದನ್ನು ಕಲಿಯುವುದಾದರೆ ಪರವಾನಗಿಯುಳ್ಳ ಶಿಕ್ಷಕರಿಂದಲೇ ಕಲಿಯಲಿ. ಕಟ್ಟುವ ದಿನ ಬಂದಾಗ ಸ್ವಂತ ವಿನ್ಯಾಸಕ್ಕಿಂತ ಹತ್ತಾರು ಜನ ಹಾರಿಸಿ ಪರೀಕ್ಷಿಸಿದ ವಿನ್ಯಾಸವನ್ನೇ ಆರಿಸಿಕೊಳ್ಳಲಿ. ತಾನು ಬಿಗಿದ ಬೋಲ್ಟನ್ನು ಇನ್ನೊಬ್ಬರು ನೋಡದೆ ಹಾರುವುದಿಲ್ಲವೆಂದು ಮನೆಯವರಿಗೆ ಮಾತು ಕೊಡಲಿ. ಇದಕ್ಕೆ ಹತ್ತು ವರ್ಷ ಹಿಡಿದರೂ ಚಿಂತೆಯಿಲ್ಲ. ಆ ಹತ್ತು ವರ್ಷಗಳಲ್ಲಿ ಹುಡುಗ ಕಲಿಯುವ ಸಹನೆ, ಲೆಕ್ಕಾಚಾರ, ಪ್ರಾಮಾಣಿಕತೆಗಳು ವಿಮಾನ ಏಳದಿದ್ದರೂ ಅವನನ್ನು ಕೈಬಿಡುವುದಿಲ್ಲ.

ಕೊಡಗಿಗೆ ಹೋಗುವ ಬಂಧುಗಳು ಮಡಿಕೇರಿಯ ಗದ್ದಿಗೆಯನ್ನೂ ಕಕ್ಕಬೆಯ ಸಮೀಪದ ನಾಲ್ಕುನಾಡು ಅರಮನೆಯನ್ನೂ ತಪ್ಪದೆ ನೋಡಿಬರಲಿ. ಪೊನ್ನಂಪೇಟೆಯ ಬಯಲಿನಲ್ಲಿ ಒಂದು ಗಳಿಗೆ ನಿಂತು ಮೇಲೆ ನೋಡಲಿ. ಜೊತೆಯಲ್ಲಿರುವ ಮಕ್ಕಳು ಏನಾದರೂ ಕೇಳಿದರೆ ಸಮಾಧಾನದಿಂದ ಉತ್ತರಿಸಲಿ. ಮನೆಯ ಹಿರಿಯರು ಹೊಣೆಯರಿತು ಜೊತೆ ನಿಂತರೆ ಮಕ್ಕಳ ಹಂಬಲವೂ ಕ್ಷೇಮವೂ ಎರಡೂ ಉಳಿಯುತ್ತವೆಂಬುದು ಈ ಪ್ರವಾಸದಿಂದ ನಮಗಾದ ಲಾಭ.