ಕೋಡಿಂಗ್ ಕಲಿತಾ ಇದ್ದೇನೆ, ಭಾಗ 4: ಆಯಿ ಹಿಡಿದ ತಪ್ಪು

"ಪ್ರಾಕ್ಟೀಸಿಗೆ ಯಾವ ಪ್ರಾಬ್ಲಮ್ ಮಾಡ್ಲಿ?" ಭಾಗ 3ಕ್ಕೆ ಬಂದ ಕಾಮೆಂಟುಗಳಲ್ಲಿ ಹೆಚ್ಚಿನವು ಇದೇ. ಇದರಲ್ಲೇ ಆರು ತಿಂಗಳು ಹಾಳು ಮಾಡಿಕೊಂಡವನು ನಾನು, ಹಾಗಾಗಿ ಹೇಳ್ತೇನೆ.

ಅಂಕೋಲಾದಿಂದ ಕಾರವಾರಕ್ಕೆ ಕಾಲೇಜಿಗೆ ಹೋಗುವಾಗ ಬಸ್ಸಲ್ಲಿ ದಿನಾ ಒಂದು ಪ್ರಾಬ್ಲಮ್. ಎಲ್ಲಾ 'ಈಸಿ'. ಹಸಿರು ಟಿಕ್ ಬರ್ತಿತ್ತು, ಸ್ಟ್ರೀಕ್ ಬೆಳೀತಿತ್ತು. ಬಿಕಾಂ ಆದ್ರೂ ಕೋಡಿಂಗ್ ಬಂತು ಅಂತ ಒಳಗೊಳಗೇ ಖುಷಿ. ಆಮೇಲೆ ಸೀದಾ 'ಹಾರ್ಡ್'ಗೆ ಹಾರಿದೆ. ಪ್ರಶ್ನೆಯೇ ಅರ್ಥ ಆಗ್ಲಿಲ್ಲ, ಉತ್ತರ ನೋಡಿ ಕಾಪಿ ಮಾಡಿದೆ. ಅದಕ್ಕೂ ಹಸಿರು ಟಿಕ್ ಬಂತು!

ಒಂದು ರಾತ್ರಿ ಆಯಿ ಸ್ವಸಹಾಯ ಸಂಘದ ಪುಸ್ತಕ ಬರೀತಾ ಕೂತಿದ್ದಳು. "ನಾನು ಪ್ರೋಗ್ರಾಂ ಮಾಡಿಕೊಡ್ತೆ" ಅಂದೆ. ಸಾಲದ ಬಾಕಿಗೆ ತಿಂಗಳಿಗೆ 1% ಬಡ್ಡಿ, 50 ಪೈಸೆ ಬಂದರೆ ಮೇಲಿನ ರೂಪಾಯಿಗೆ. ಇಷ್ಟೇ ನಿಯಮ. ಪೈಥಾನಲ್ಲಿ ಹತ್ತು ಸಾಲು ಬರೆದು 'ರೌಂಡ್' ಹಾಕಿದೆ.

ಆಯಿ ಪೆನ್ನು ಹಿಡಿದು ನೋಡಿದಳು. "1,350ಕ್ಕೆ 14, ಸರಿ. 1,250ಕ್ಕೆ 12 ಹೆಂಗಾತು ತಮಾ? ಹನ್ನೆರಡೂವರೆ ಅಲ್ವಾ, 13 ಆಗ್ಬೇಕು."

ಹುಡುಕಿದಾಗ ಗೊತ್ತಾಯ್ತು: ಸರಿಯಾಗಿ ಅರ್ಧ ಬಂದರೆ ಪೈಥಾನ್ 3ರ ರೌಂಡ್ ಹತ್ತಿರದ ಸಮಸಂಖ್ಯೆಗೆ ಹೋಗುತ್ತೆ. 13.5 ಇದ್ದರೆ 14, 12.5 ಇದ್ದರೆ 12. ಅದರ ನಿಯಮ ಅದು, ಸಂಘದ್ದು ಬೇರೆ. ಒಂದೇ ರೂಪಾಯಿ ಅಂತ ನಗಬೇಡಿ. ದುಡ್ಡು ನಮ್ಮ ಕೇರಿಯವರದ್ದು, ಲೆಕ್ಕ ತಪ್ಪಿದರೆ ನಾಲ್ಕು ಮಾತು ಕೇಳಬೇಕಾದವಳು ಆಯಿ.

ಟ್ರಯಲ್ ಬ್ಯಾಲೆನ್ಸ್ ತಾಳೆ ಆದ ಮಾತ್ರಕ್ಕೆ ತಪ್ಪೇ ಇಲ್ಲ ಅಂತಲ್ಲ ಅಂತ ಓದಿದ್ದೇವಲ್ಲ? ಹಸಿರು ಟಿಕ್ಕೂ ಹಾಗೇ.

ಈಗ ನಾನು ಪ್ರಾಬ್ಲಮ್ ಆರಿಸೋದು ಹೀಗೆ:

1. ಸಣ್ಣ ಉದಾಹರಣೆಗೆ ಉತ್ತರ ಕೈಯಲ್ಲೇ ತೆಗೆಯೋಕೆ ಬರಬೇಕು. ಪ್ರಾಜೆಕ್ಟ್ ಆಯ್ಲರ್ ಅಂತ 2001ರಿಂದ ಇರುವ ಸೈಟ್ ಇದೆ. ಅದರ ಮೊದಲ ಪ್ರಶ್ನೆ: 1000ಕ್ಕಿಂತ ಕಡಿಮೆ ಇರುವ, 3 ಅಥವಾ 5ರಿಂದ ಭಾಗವಾಗುವ ಸಂಖ್ಯೆಗಳ ಮೊತ್ತ. ಮೊದಲು 20ಕ್ಕಿಂತ ಕಡಿಮೆ ಇರುವವನ್ನು ಕೈಯಲ್ಲಿ ಕೂಡಿ, 78 ಬರುತ್ತೆ. ನಿಮ್ಮ ಪ್ರೋಗ್ರಾಂ 93 ಅಂದರೆ 15ನ್ನು ಎರಡು ಸಲ ಕೂಡಿದ್ದೀರಿ.

2. ಒಂದು ಪ್ರಾಬ್ಲಮ್ಮಲ್ಲಿ ಒಂದೇ ಹೊಸ ವಿಷಯ. ಅರ್ಧ ಗಂಟೆ ಕೂತರೂ ಶುರು ಮಾಡೋಕೇ ಆಗದಿದ್ದರೆ ಅದು ಸದ್ಯಕ್ಕೆ ನಮ್ಮದಲ್ಲ. ಬರೆದಿಟ್ಟು ಮುಂದಿನ ತಿಂಗಳು ನೋಡಿ.

3. ಉತ್ತರ ನೋಡಿದ್ರಾ? ತಪ್ಪಿಲ್ಲ. ಮರುದಿನ ನೋಡದೇ ಬರೆಯಿರಿ.

4. ವಾರಕ್ಕೊಂದು ಮನೆಯದ್ದು. ಪೈಥಾನ್ ತಾನಾಗೇ ಕಾಮಾ ಹಾಕಿದರೆ ಒಂದು ಲಕ್ಷ 100,000 ಆಗುತ್ತೆ. ನಮ್ಮ ಹಾಗೆ 1,00,000 ಅಂತ ಬರೆಸಿ ನೋಡಿ. ಚೆನ್ನಾಗಿ ತಲೆ ತಿನ್ನುತ್ತೆ.

ಸಂಘದ ಪ್ರೋಗ್ರಾಂ ಈಗ ಸರಿಯಾಗಿದೆ. ಆದ್ರೂ ಆಯಿ ಪೆನ್ನು ಬಿಟ್ಟಿಲ್ಲ. ಎರಡೂ ತಾಳೆ ಆದ ಮೇಲೇ ಸಹಿ.

ನಿಮ್ಮ ಮನೆಯಲ್ಲಿ ಕೈಯಲ್ಲಿ ಲೆಕ್ಕ ಬರೆಯೋರು ಯಾರು, ಯಾವ ಲೆಕ್ಕ? ಕಾಮೆಂಟ್ ಹಾಕಿ, ಭಾಗ 5ರಲ್ಲಿ ಅದನ್ನೇ ಪ್ರಾಬ್ಲಮ್ ಮಾಡೋಣ.

#ಕನ್ನಡದಲ್ಲಿಕೋಡಿಂಗ್ #ಅಂಕೋಲಾ #ಕಾರವಾರ #ಬಿಕಾಂ