ಹುಬ್ಬಳ್ಳಿಯ ಆ ಗ್ರಹಣ, ಟಿ.ವಿ.ಯ ಈ ಗ್ರಹಣ

1980ರ ಫೆಬ್ರವರಿ 16, ಶನಿವಾರ. ಚಂದ್ರನ ನೆರಳು ಕಾರವಾರ-ಅಂಕೋಲಾದ ಕಡಲತೀರಕ್ಕೆ ಬಂದು, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಆಂಧ್ರದ ಕಡೆ ಸಾಗಿತು. ಖಗ್ರಾಸ ಸೂರ್ಯಗ್ರಹಣ. ಸೂರ್ಯ ಪೂರ್ತಿ ಮುಚ್ಚಿದ್ದು ಎರಡೂವರೆ ನಿಮಿಷಕ್ಕೂ ತುಸು ಹೆಚ್ಚು ಹೊತ್ತು. ಅಷ್ಟಕ್ಕಾಗಿ ದೇಶವಿದೇಶಗಳ ಖಗೋಳ ವಿಜ್ಞಾನಿಗಳು ಪೆಟ್ಟಿಗೆಗಟ್ಟಲೆ ಉಪಕರಣ ಹೊತ್ತು ಈ ಪಟ್ಟಿಯ ಉದ್ದಕ್ಕೂ ಬಂದು ಕೂತಿದ್ದರು. ಭಾರತೀಯ ಖಭೌತ ಸಂಸ್ಥೆಯವರ ಒಂದು ಶಿಬಿರ ಹುಬ್ಬಳ್ಳಿಯ ಹೊಸೂರಿನಲ್ಲಿತ್ತು, ಇನ್ನೊಂದು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ. ಆಗ ಆ ಸಂಸ್ಥೆಯ ಮುಖ್ಯಸ್ಥರು ವೇಣು ಬಾಪು.

ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಂದು ನಾವು ಮಕ್ಕಳೆಲ್ಲ ಮನೆಯೊಳಗಿದ್ದೆವು. ಶನಿವಾರ ಬೆಳಗಿನ ಶಾಲೆ, ಮುಗಿಸಿ ಬಂದ ಮೇಲೆ ಬಾಗಿಲು ಹಾಕಿದರು. ಆಯಿ ಹಾಲಿನ ಪಾತ್ರೆ, ಉಪ್ಪಿನಕಾಯಿ ಭರಣಿಗಳ ಮೇಲೆ ದರ್ಭೆ ಇಟ್ಟಳು. ಬಸುರಿಯಾಗಿದ್ದ ನಮ್ಮ ಕಾಕು ಕೈಗೆ ಕತ್ತರಿ, ಸೂಜಿ, ಈಳಿಗೆ ಏನೂ ಮುಟ್ಟಿಸಲಿಲ್ಲ. ಹಿತ್ತಲಲ್ಲಿ ನೀರು ತುಂಬಿದ ಪರಾತದೊಳಗೆ ಒನಕೆ ನಿಲ್ಲಿಸಿದ್ದರು. ಗ್ರಹಣ ಹಿಡಿದಿರುವವರೆಗೆ ಅದು ಬೀಳುವುದಿಲ್ಲ ಎಂಬ ನಂಬಿಕೆ. ಕಿಟಕಿಗಳಿಗೆ ಚಾದರ ಕಟ್ಟಿದ್ದರು. ಆ ಚಾದರದ ಅಂಚಿನಲ್ಲಿ ಬೆಳಕಿನ ಬಣ್ಣ ಬದಲಾದದ್ದನ್ನು ಕಂಡೆ. ಸಂಜೆಯ ಹಳದಿ ಅಲ್ಲ, ಬೂದಿಯ ಹಾಗೆ. ಬೇವಿನ ಗಿಡಕ್ಕೆ ಕಾಗೆಗಳು ಗದ್ದಲ ಮಾಡುತ್ತ ಮರಳಿದವು. ಆಮೇಲೆ ಓಣಿಯಲ್ಲಿ ಒಂದೂ ಸದ್ದಿಲ್ಲ.

ಓಣಿಯಲ್ಲಿ ಹೊರಗಿದ್ದವರು ಒಬ್ಬರೇ, ಎದುರು ಮನೆಯ ಮಾಸ್ತರು. ವೆಲ್ಡಿಂಗ್ ಅಂಗಡಿಯಿಂದ ಕಪ್ಪು ಗಾಜು ತಂದುಕೊಂಡು ಮಾಳಿಗೆ ಏರಿದ್ದರು. “ಮಾಸ್ತರ, ಕಣ್ಣು ಹೊಕ್ಕಾವ್ರೀ, ಕೆಳಗ ಬರ್ರಿ” ಎಂದು ಆಯಿ ಬಾಗಿಲ ಸಂದಿಯಿಂದ ಕೂಗಿದಳು. ಅವರು ಬರಲಿಲ್ಲ. ಸಂಜೆ ಗ್ರಹಣದ ಸ್ನಾನವೆಲ್ಲ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ನಮಗೆ ಹೇಳಿದರು: ಸೂರ್ಯ ಪೂರಾ ಮುಚ್ಚಿದ ಕೂಡಲೇ ಗಾಜು ತೆಗೆದೆ, ಸುತ್ತಲೂ ಬೆಳ್ಳಗೆ ಜಟೆ ಬಿಟ್ಟುಕೊಂಡ ಹಾಗಿತ್ತು, ನಡು ಆಕಾಶದಲ್ಲಿ ಚುಕ್ಕಿ ಕಂಡವು, ಅಂಚಿನಲ್ಲಿ ಬೆಳಕು ಮಿಂಚಿದ ತಕ್ಷಣ ಮತ್ತೆ ಗಾಜು ಹಿಡಿದೆ. ಅವರ ಕಣ್ಣಿಗೇನೂ ಆಗಲಿಲ್ಲ.

ಮಾಸ್ತರು ಮಾಡಿದ್ದು ಸರಿಯಾದ ಕ್ರಮ. ಖಗ್ರಾಸದ ಆ ಕೆಲವು ನಿಮಿಷ ಬರಿಗಣ್ಣಿನಿಂದ ನೋಡಬಹುದು. ಸೂರ್ಯನ ಒಂದು ಎಳೆ ಹೊರಗಿದ್ದರೂ ನೋಡಬಾರದು. ಅಂದು ಇದನ್ನು ಜನಕ್ಕೆ ಬಿಡಿಸಿ ಹೇಳಿದವರು ತೀರ ಕಡಿಮೆ. ರೇಡಿಯೊದಲ್ಲಿ ನಾವು ಕೇಳಿದ್ದು ನೋಡಬೇಡಿ ಎಂಬ ಒಂದೇ ಮಾತು. ದೂರದರ್ಶನವಿದ್ದ ದೊಡ್ಡ ನಗರಗಳಲ್ಲಿ ಮಧ್ಯಾಹ್ನ ಹಿಂದಿ ಸಿನಿಮಾ ಹಾಕಿ ಜನರನ್ನು ಮನೆಯೊಳಗೆ ಹಿಡಿದಿಟ್ಟರು. ಶಾಸ್ತ್ರದ ಹೆಸರಲ್ಲಿ ಆಯಿ ಹೇಳಿದ್ದು, ವಿಜ್ಞಾನದ ಹೆಸರಲ್ಲಿ ಸರಕಾರ ಹೇಳಿದ್ದು ಎರಡೂ ಕೂಡಿ ಹೊರಗೆ ಬರಬೇಡಿ ಎಂದಾಯಿತು. ಹುಬ್ಬಳ್ಳಿಯ ಲಕ್ಷಾಂತರ ಜನ ತಲೆಯ ಮೇಲೆಯೇ ನಡೆದದ್ದನ್ನು ಕಾಣದೆ ಹೋದರು. ಆ ಕಾಲ ಚೆನ್ನಾಗಿತ್ತು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಆದರೂ ಆಯಿಯ ಭಯಕ್ಕೆ ಒಂದು ಗಡುವಿತ್ತು. ಪಂಚಾಂಗದಲ್ಲಿ ಸ್ಪರ್ಶಕಾಲ, ಮೋಕ್ಷಕಾಲ ಅಚ್ಚಾಗಿರುತ್ತಿದ್ದವು, ಲೆಕ್ಕ ತಪ್ಪುತ್ತಿರಲಿಲ್ಲ. ಗ್ರಹಣ ಬಿಟ್ಟಿತೆಂದರೆ ಸ್ನಾನ, ಅಡುಗೆ, ಊಟ. ಒನಕೆ ಮೂಲೆ ಸೇರುತ್ತಿತ್ತು. ಮರುದಿನ ಯಾರೂ ಅದರ ಮಾತೆತ್ತುತ್ತಿರಲಿಲ್ಲ.

2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಆ ಗಡುವು ಇರಲಿಲ್ಲ. ವಾರ ಮುಂಚಿನಿಂದಲೇ ಕನ್ನಡದ ಸುದ್ದಿ ಚಾನೆಲ್‌ಗಳಲ್ಲಿ ಜ್ಯೋತಿಷಿಗಳ ಸಾಲು, ಕೆಂಪು ಅಕ್ಷರ, ಹನ್ನೆರಡು ರಾಶಿಗೂ ಒಂದೊಂದು ಕಂಟಕ, ತಿಂಗಳುಗಟ್ಟಲೆ ಇರುವ ಫಲ, ಪರಿಹಾರಕ್ಕೆ ಫೋನ್ ನಂಬರು. ನಮ್ಮ ಹಿತ್ತಲಿನ ಒನಕೆಯೂ ಪರದೆಗೆ ಬಂತು, ಪವಾಡವೆಂಬಂತೆ. ಬುಡ ಮಟ್ಟಸವಾಗಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಅದನ್ನು ಮಾರನೇ ದಿನ ನಿಲ್ಲಿಸಿ ತೋರಿಸಿದ ಚಾನೆಲ್ ನನ್ನ ಕಣ್ಣಿಗೆ ಬೀಳಲಿಲ್ಲ. ಅದೇ ಬೆಳಿಗ್ಗೆ ಮಂಗಳೂರಿನಲ್ಲೂ ಕೊಡಗಿನ ಕುಟ್ಟದಲ್ಲೂ ಸಾವಿರಾರು ಜನ, ಶಾಲೆಯ ಮಕ್ಕಳು, ಸೌರ ಕನ್ನಡಕ ಹಾಕಿಕೊಂಡು ಬೆಂಕಿಯ ಉಂಗುರ ನೋಡಿದರು. 1980ಕ್ಕೆ ಹೋಲಿಸಿದರೆ ಇದು ಬಹಳ ದೊಡ್ಡ ಗಳಿಕೆ. ಅದೇ ಬೆಳಿಗ್ಗೆಯೇ ಕಲಬುರಗಿ ಬಳಿಯ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗುತ್ತಾರೆಂದು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತಿದ್ದರು. ಆ ತಾಯಂದಿರನ್ನು ಬೈಯಲು ನನಗೆ ಮನಸ್ಸಿಲ್ಲ. ಚಿಕಿತ್ಸೆ ಕೈಗೆಟುಕದ ಮನೆಯಲ್ಲಿ ಯಾರೋ ಕೊಟ್ಟ ಒಂದು ಆಸೆ ಅದು. ನನ್ನ ಸಿಟ್ಟು ಇರುವುದು ದಿನವಿಡೀ ಗ್ರಹಣಕ್ಕೆ ಅತಿಮಾನುಷ ಶಕ್ತಿ ಕಟ್ಟಿ, ಸಂಜೆ ಆ ಮಕ್ಕಳನ್ನೇ ತೋರಿಸಿ ‘ಇದೆಂಥ ಮೌಢ್ಯ’ ಎಂದು ಚರ್ಚೆ ನಡೆಸುವವರ ಮೇಲೆ.

ಮರು ತಿಂಗಳು, 2020ರ ಜನವರಿಯಲ್ಲಿ, ಮೌಢ್ಯದ ವಿರುದ್ಧದ 2017ರ ಕಾಯ್ದೆ ರಾಜ್ಯದಲ್ಲಿ ಜಾರಿಗೆ ಬಂತು. ಮಡೆಸ್ನಾನದಂಥವು ಅದರಡಿ ಅಪರಾಧ. ಜ್ಯೋತಿಷ್ಯ ಅದರ ಹೊರಗಿದೆ. ಕಾಯ್ದೆಗಿಂತ ನನಗೆ ಹೆಚ್ಚು ಚಿಂತೆ ಪ್ರಶ್ನೆ ಕೇಳುವವರದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ, ಸತ್ಯಸಾಯಿಬಾಬಾ ಅವರನ್ನೇ ಪರೀಕ್ಷೆಗೆ ಕರೆದರು. ಬಾಬಾ ಬರಲಿಲ್ಲ, ನರಸಿಂಹಯ್ಯನವರಿಗೆ ಬೈಗುಳ ಬಂತು. ಅಷ್ಟೇ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅಂದು ನಾನು ಧಾರವಾಡದಲ್ಲಿರುವ ಗೆಳೆಯರಿಗೆಲ್ಲ ಫೋನ್ ಮಾಡಿದೆ. ಎಲ್ಲರೂ ಸಣ್ಣ ದನಿಯಲ್ಲಿ ಮಾತಾಡಿದರು. ಆ ದನಿ ಈಗಲೂ ಪೂರ್ತಿ ಏರಿಲ್ಲ.

ವಿಜ್ಞಾನ ನಿಂತಿಲ್ಲ. ಹೊಸೂರಿನಲ್ಲಿ ಎರಡೂವರೆ ನಿಮಿಷಕ್ಕಾಗಿ ಶಿಬಿರ ಹೂಡಿದ್ದ ಅದೇ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಕಟ್ಟಿದ ಉಪಕರಣವೊಂದು ಆದಿತ್ಯ-ಎಲ್1 ನೌಕೆಯ ಮೇಲೇರಿ 2023ರ ಸೆಪ್ಟೆಂಬರ್ 2ರಂದು ಹೊರಟಿತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು, ಸೂರ್ಯನ ಬಿಂಬವನ್ನು ತಾನೇ ಮರೆಮಾಡಿ, ಮಾಸ್ತರು ಕಂಡ ಆ ಬಿಳಿ ಜಟೆಯನ್ನು, ಅಂದರೆ ಕರೋನಾವನ್ನು, ಗ್ರಹಣಕ್ಕೆ ಕಾಯದೆ ನೋಡುತ್ತಿದೆ. ಆ ಚಿತ್ರಗಳ ಬಗ್ಗೆ ನಮ್ಮ ಚಾನೆಲ್‌ಗಳಲ್ಲಿ ಅರ್ಧ ಗಂಟೆಯ ಕನ್ನಡದ ಮಾತು ಕೇಳಬೇಕೆಂದು ನನಗೆ ಬಹಳ ಆಸೆ. ವಿವರಿಸಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ.

2027ರ ಆಗಸ್ಟ್ 2ಕ್ಕೆ ಇನ್ನೊಂದು ಗ್ರಹಣವಿದೆ. ಈಜಿಪ್ಟಿನ ಲಕ್ಸರ್ ಸುತ್ತ ಆರು ನಿಮಿಷಕ್ಕೂ ಹೆಚ್ಚು ಖಗ್ರಾಸ, ನಮ್ಮಲ್ಲಿ ಇಳಿಹೊತ್ತಿಗೆ ಪಾರ್ಶ್ವ. ಅಂದು ಸೋಮವಾರ, ಶಾಲೆಯ ದಿನ. ರಜೆ ಕೊಡಬಾರದು. ಸೌರ ಕನ್ನಡಕವನ್ನು ಹಿಂದಿನ ತಿಂಗಳೇ ಪ್ರತಿ ಶಾಲೆಗೂ ಮುಟ್ಟಿಸಬೇಕು. ಪಾರ್ಶ್ವ ಗ್ರಹಣವನ್ನು ಒಂದು ಕ್ಷಣವೂ ಬರಿಗಣ್ಣಿನಿಂದ ನೋಡಬಾರದೆಂದು ಯಾಕೆ ಹೇಳುತ್ತಾರೆ ಎಂಬುದನ್ನು ಮಾಸ್ತರರೇ ಮಕ್ಕಳಿಗೆ ಬಿಡಿಸಿ ಹೇಳಬೇಕು, ಆಮೇಲೆ ಅವರನ್ನು ಬಯಲಿಗೆ ಕರೆದುಕೊಂಡು ಹೋಗಬೇಕು.